ವಿಭೂತಿ ಬಳಿದ ಹಾಗೆ ಕಾಣುತ್ತಾ? ತಪ್ಪು ಕೆನ್ನೆಯದಲ್ಲ, ಡಬ್ಬಿಯದು

ಚಿಂತಾಮಣಿ ತಂಗಿ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಮನೆ ಕೆಲಸ ಮುಗಿಸಿ ಈಗ ಕೂತಿದ್ದೇನೆ. ಉದ್ದ ಆಗುತ್ತೆ, ಬೈಕೋಬೇಡಿ.

ನೀವು ಬರೆದದ್ದು ಇಷ್ಟು. ಅಕ್ಕನ ನಿಶ್ಚಿತಾರ್ಥಕ್ಕೆ ಇನ್ನು ಹದಿನೈದು ದಿನ ಇದೆ. ಕೆನ್ನೆಗೆ ಕೆಂಪು, ಗ್ಲೋ ಎರಡೂ ಬೇಕು ಅಂತ ಮಿನರಲ್ ಬ್ಲಶ್ ಪುಡಿ ತರಿಸಿದ್ದೀರಿ, ತಿಳಿ ಗುಲಾಬಿ. ನಿಮ್ಮದು ಎಣ್ಣೆಗೆಂಪು ಬಣ್ಣ. ಸ್ವಲ್ಪ ಹಚ್ಚಿದರೆ ಕಾಣುವುದೇ ಇಲ್ಲ, ಜಾಸ್ತಿ ಹಚ್ಚಿದರೆ ವಿಭೂತಿ ಬಳಿದ ಹಾಗೆ ಬೂದು ಬೂದು. ಅದರ ಕೆಳಗೆ ಯಾರೋ ಒಬ್ಬರು "ಈ ಬಣ್ಣಕ್ಕೆ ಬ್ಲಶ್ ಒಪ್ಪಲ್ಲ, ಬಿಟ್ಟುಬಿಡಿ" ಅಂತ ಉತ್ತರ ಬೇರೆ ಕೊಟ್ಟಿದ್ದಾರೆ. ಅದನ್ನು ಓದಿ ಸಿಟ್ಟು ಬಂತು. ಒಪ್ಪದೇ ಇರುವುದು ನಿಮ್ಮ ಬಣ್ಣ ಅಲ್ಲ, ಆ ಡಬ್ಬಿಯಲ್ಲಿರುವ ಬಿಳಿ.

ನಾನೇನು ಪಾರ್ಲರ್ ಇಟ್ಟವಳಲ್ಲ. ಕೋಲಾರದಲ್ಲಿ ನೆಂಟರ ಮನೆಯ ಸೀಮಂತ, ನಾಮಕರಣ, ನಿಶ್ಚಿತಾರ್ಥಕ್ಕೆ ಹತ್ತು ವರ್ಷದಿಂದ ಮೇಕಪ್ ಮಾಡಿಕೊಡುತ್ತಾ, ಬೈಸಿಕೊಳ್ಳುತ್ತಾ ಕಲಿತದ್ದು.

ಮಿನರಲ್ ಬ್ಲಶ್ ಅಂದರೆ ಮೂರ್ನಾಲ್ಕು ಪುಡಿಗಳ ಬೆರಕೆ, ಅಷ್ಟೇ. ಮೊದಲನೆಯದು ಮೈಕಾ. ಅಜ್ಜಿಯರು ಕಾಗೆ ಬಂಗಾರ ಅಂತಾರಲ್ಲ, ಕಲ್ಲಿನಲ್ಲಿ ಬಿಸಿಲಿಗೆ ಫಳಫಳ ಅನ್ನುವುದು, ಅದೇ. (ನಮ್ಮ ಪಕ್ಕದ ಕೆಜಿಎಫ್‌ನಲ್ಲಿ ನಿಜವಾದ ಬಂಗಾರದ ಗಣಿ 2001ರಲ್ಲೇ ಮುಚ್ಚಿತು, ಕೆನ್ನೆಗೆ ಉಳಿದದ್ದು ಕಾಗೆ ಬಂಗಾರ.) ಎರಡನೆಯದು ಐರನ್ ಆಕ್ಸೈಡ್, ಕಬ್ಬಿಣದ ತುಕ್ಕಿನ ಜಾತಿಯದು. ಕೆಂಪು, ಹಳದಿ, ಕಪ್ಪು ಮೂರೂ ಅದರಲ್ಲೇ ಸಿಗುತ್ತವೆ. ನಮ್ಮ ಹೊಲದ ಮಣ್ಣು ಕೆಂಪಗಿರುವುದೂ ಅದರಿಂದಲೇ. ಹಾಗಂತ ಮಣ್ಣು ಅರೆದು ಹಚ್ಚಲು ಹೋಗಬೇಡಿ, ಮುಖಕ್ಕೆ ಬಳಸುವುದು ಕಾರ್ಖಾನೆಯಲ್ಲಿ ತಯಾರಿಸಿ ಶುದ್ಧ ಮಾಡಿದ್ದು. ಮೂರನೆಯದು ಟೈಟಾನಿಯಂ ಡೈಆಕ್ಸೈಡ್. ಅಪ್ಪಟ ಬಿಳಿ. ಗೋಡೆಗೆ ಹೊಡೆಯುವ ಬಿಳಿ ಪೇಂಟ್‌ಗೂ ಬಿಳುಪು ಕೊಡುವುದು ಅದೇ.

ಈಗ ಯೋಚಿಸಿ. ಕೆಂಪಿನಿಂದ ತಿಳಿ ಗುಲಾಬಿ ಬರಬೇಕಾದರೆ ಏನು ಮಾಡಬೇಕು? ಬಿಳಿ ಸುರಿಯಬೇಕು. ಗೋಧಿ ಬಣ್ಣದವರ ಮುಖದಲ್ಲಿ ಆ ಬಿಳಿ ಗೊತ್ತಾಗುವುದಿಲ್ಲ. ನಿಮ್ಮ, ನನ್ನ ಬಣ್ಣದ ಮೇಲೆ ಕೆಂಪಿಗಿಂತ ಮೊದಲು ಎದ್ದು ಕಾಣುವುದೇ ಅದು. ಕೆಂಪು ಕಾಣಲಿಲ್ಲ ಅಂತ ನೀವು ಇನ್ನೊಂದು ಸಲ ಹಚ್ಚುತ್ತೀರಿ, ಜೊತೆಗೆ ಬಿಳಿಯೂ ಇನ್ನೊಂದು ಪದರ ಕೂರುತ್ತದೆ, ಕೊನೆಗೆ ಬೂದು. ಇದಕ್ಕೆ ಕೈಚಳಕದಿಂದ ಪರಿಹಾರ ಇಲ್ಲ. ಶೇಡ್ ಬದಲಾಯಿಸಬೇಕು.

ಯಾವ ಶೇಡ್? ಡಬ್ಬಿ ತೆರೆದಾಗ "ಅಯ್ಯೋ ಇಷ್ಟು ಗಾಢವಾ" ಅಂತ ಹೆದರಿಕೆ ಆಗುವಂಥದ್ದು. ಸುಟ್ಟ ಇಟ್ಟಿಗೆಯ ಕೆಂಪು, ಒಣ ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಕತ್ತರಿಸಿದ ಬೀಟ್‌ರೂಟ್, ಇನ್ನೂ ಕಪ್ಪಗಿದ್ದರೆ ನೇರಳೆ ಹಣ್ಣಿನ ತಿರುಳಿನ ಬಣ್ಣ. ಡಬ್ಬಿಯಲ್ಲಿ ಭಯಂಕರ, ಕೆನ್ನೆಯ ಮೇಲೆ ತೆಳುವಾಗಿ ಹರಡಿದಾಗ ಸರಿಯಾಗಿ ಒಳಗಿನಿಂದ ಬಂದ ಕೆಂಪು. ನಿಮ್ಮ ಸ್ವಂತ ಕೆಂಪು ಯಾವುದು ಅಂತ ಗೊತ್ತಿಲ್ಲದಿದ್ದರೆ ಒಂದು ಭಾನುವಾರ ಬೆಳಿಗ್ಗೆ ಮುಖಕ್ಕೆ ಏನೂ ಹಚ್ಚದೆ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ಹತ್ತಿರ ನಿಂತು, ಏದುಸಿರು ಇಳಿಯುವ ಮೊದಲೇ ನೆರಳಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಫಿಲ್ಟರ್ ಬೇಡ. ಆ ಫೋಟೋದ ಕೆನ್ನೆಯಲ್ಲಿರುವ ಬಣ್ಣವನ್ನೇ ಹುಡುಕಿ. ನನ್ನದು ಗುಲಾಬಿ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ನೋಡಿದರೆ ಇಟ್ಟಿಗೆ.

ಅಂಗಡಿಯಲ್ಲಿ ಸ್ಯಾಂಪಲ್ ಇದ್ದರೆ ಮುಖಕ್ಕೆ ಹಚ್ಚಬೇಡಿ, ನೂರು ಜನ ಬೆರಳು ಅದ್ದಿರುತ್ತಾರೆ. ಮುಂಗೈಯ ಒಳಭಾಗಕ್ಕೆ ಒಂಚೂರು ಉಜ್ಜಿ, ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ನೋಡಿ. ಕೆಂಪಿನ ಸುತ್ತ ಬಿಳಿ ಮಂಜು ಕಂಡರೆ ಅಲ್ಲೇ ಇಟ್ಟು ಬನ್ನಿ. ಲೇಬಲ್ ಓದಿ ಬಿಳಿ ಎಷ್ಟಿದೆ ಅಂತ ಪತ್ತೆ ಮಾಡುವುದು ಕಷ್ಟ. ಯಾಕೆಂದರೆ ಬಣ್ಣ ಕೊಡುವ ಪುಡಿಗಳನ್ನೆಲ್ಲ ಪಟ್ಟಿಯ ಕೊನೆಗೆ "ಇವೂ ಇರಬಹುದು" ಅಂತ ಒಟ್ಟಿಗೆ ಗುಡ್ಡೆ ಹಾಕಿರುತ್ತಾರೆ.

ಆದರೂ ಲೇಬಲ್ ಓದಿ, ಬೇರೆ ಕಾರಣಕ್ಕೆ. ಬಿಸ್ಮತ್ ಆಕ್ಸಿಕ್ಲೋರೈಡ್ ಅನ್ನುವುದೊಂದಿದೆ, ಮುತ್ತಿನ ಹೊಳಪು ಕೊಡುತ್ತದೆ. ಕೆಲವರಿಗೆ ಬೆವರು ಬಂದ ಕೂಡಲೇ ಕೆನ್ನೆ ತುರಿಕೆ ಶುರು. ನಮ್ಮ ಚಿಕ್ಕಮ್ಮನ ಮಗಳು ಧಾರೆಗೆ ಕೂತಾಗ ಕೆನ್ನೆ ಕೆರೆದುಕೊಂಡು ಕೆರೆದುಕೊಂಡು ಸಾಕಾಗಿದ್ದಳು. ಇನ್ನೊಂದು ಕಾರ್ಮೈನ್, ಕೆಲವು ಕಡೆ ಬರೀ ಸಿಐ 75470 ಅಂತ ಬಣ್ಣದ ನಂಬರ್ ಇರುತ್ತದೆ. ಪಾಪಾಸುಕಳ್ಳಿಯ ಮೇಲೆ ಬದುಕುವ ಪುಟ್ಟ ಹುಳದಿಂದ ತೆಗೆಯುವ ಕೆಂಪು ಅದು. ಖನಿಜ ಅಲ್ಲವೇ ಅಲ್ಲ, ಆದರೂ ಮಿನರಲ್ ಅಂತ ಬರೆದ ಡಬ್ಬಿಯಲ್ಲೂ ಸೇರಿರಬಹುದು. ಮಡಿ ಮಾಡುವವರಿಗೆ, ಅಪ್ಪಟ ಸಸ್ಯಾಹಾರಿಗಳಿಗೆ ಹಚ್ಚುವ ಮುಂಚೆ ನಾನು ಹೇಳಿಬಿಡುತ್ತೇನೆ. ಐರನ್ ಆಕ್ಸೈಡ್ ಕೆಂಪಿನ ನಂಬರ್ 77491, ಅದಕ್ಕೆ ಯೋಚನೆ ಇಲ್ಲ.

ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಬಳಸಬೇಕಾದ ಕೊನೆಯ ತಾರೀಕು ಇಲ್ಲದ ಡಬ್ಬಿ ಮುಟ್ಟಬೇಡಿ, ಹೊರದೇಶದ್ದಾದರೆ ಆಮದಿನ ನೋಂದಣಿ ನಂಬರ್ ಇರಬೇಕು. ಸಂತೆಯಲ್ಲಿ ಐವತ್ತು ರೂಪಾಯಿಗೆ ಹನ್ನೆರಡು ಬಣ್ಣ ಇರುವ ಸೆಟ್ ಸಿಗುತ್ತೆ, ನಾನೂ ತಂದಿದ್ದೇನೆ, ಮಗಳ ಗೊಂಬೆಗೆ ಆಯಿತು. "ಕೆಮಿಕಲ್ ಇಲ್ಲ" ಅನ್ನುವ ಮಾತಿಗೂ ಬೆಲೆ ಕೊಡಬೇಡಿ. ತುಕ್ಕೂ ಕೆಮಿಕಲ್ಲೇ, ನೀರೂ ಕೆಮಿಕಲ್ಲೇ. ಹಾಗೆಯೇ, ಇದರಲ್ಲೇ ಬಿಸಿಲು ತಡೆಯುವ ಎಸ್‌ಪಿಎಫ್ ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ, ಒಂದು ಚಿಟಿಕೆ ಪುಡಿ ನಮ್ಮ ಬಿಸಿಲನ್ನು ಎಲ್ಲಿ ತಡೆಯುತ್ತೆ.

ಮೇಲೆ ಒಬ್ಬರು ಅಕ್ಕ "ಕುಂಕುಮ ಒಂಚೂರು ಉಜ್ಜಿದರೆ ಸಾಕು, ನಮ್ಮ ಕಾಲದಲ್ಲಿ ಅದೇ" ಅಂದಿದ್ದಾರೆ. ಅಕ್ಕ, ನಿಮ್ಮ ಕಾಲದ ಕುಂಕುಮ ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ್ದು. ಈಗ ಪೊಟ್ಟಣದಲ್ಲಿ ಬರುವ ಎಷ್ಟೋ ಕುಂಕುಮದಲ್ಲಿ ಬರೀ ಕೃತಕ ಬಣ್ಣ. ಹಣೆಯಲ್ಲೇ ಕಪ್ಪು ಮಚ್ಚೆ ಬೀಳಿಸಿಕೊಂಡವರು ಎಷ್ಟು ಜನ ಇದ್ದಾರೆ, ಕೆನ್ನೆಗೆ ಬೇಡ.

ಸರಿ, ಹಚ್ಚುವ ವಿಷಯ. ಪುಡಿ ಒದ್ದೆ ಕಂಡಲ್ಲಿ ಹಿಡಿದುಕೊಳ್ಳುತ್ತದೆ. ಮುಖ ತೊಳೆದು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಸೀರೆ ಉಡಲು ಹೇಗೂ ಅಷ್ಟು ಹೊತ್ತು ಬೇಕಲ್ವಾ. ಆಮೇಲೆ ಕೆನ್ನೆಗೆ ಬೆರಳ ಹಿಂಬದಿ ತಾಗಿಸಿ ನೋಡಿ, ಅಂಟಿದರೆ ಟಿಶ್ಯೂ ಒತ್ತಿ ತೆಗೆಯಿರಿ. ಉಜ್ಜಬೇಡಿ, ಒತ್ತಿ.

ಡಬ್ಬಿಯ ಒಳಗೆ ಜರಡಿ ಇರುತ್ತದಲ್ಲ, ಅದನ್ನು ಮುಚ್ಚಳಕ್ಕೆ ಒಂದೇ ಸಲ ತಟ್ಟಿ. ಬೀಳಬೇಕಾದದ್ದು ನಾಲ್ಕೈದು ರಾಗಿ ಕಾಳಿನಷ್ಟು ಪುಡಿ, ಎರಡೂ ಕೆನ್ನೆಗೆ ಸೇರಿ. ಅದಕ್ಕಿಂತ ಜಾಸ್ತಿ ಬಿತ್ತಾ, ವಾಪಸ್ ಸುರಿಯಿರಿ. ಮೂಗಿನ ಹತ್ತಿರ ತಟ್ಟಬೇಡಿ, ದೂಳು ಏಳುತ್ತದೆ. ಪುಟ್ಟ ಮಕ್ಕಳು, ಆಸ್ತಮಾ ಇರುವವರು ಕೋಣೆಯಲ್ಲಿದ್ದರೆ ಆಚೆ ಕಳಿಸಿ. ಬ್ರಷ್ ಉಬ್ಬಿದ್ದು, ಮೆತ್ತಗಿನದು, ಕೂದಲು ಬಿಡಿಬಿಡಿಯಾಗಿರುವುದು ಬೇಕು. ಡಬ್ಬಿ ಜೊತೆ ಬರುವ ಚಪ್ಪಟೆ ಬ್ರಷ್ ಬಣ್ಣವನ್ನು ಪಟ್ಟೆ ಎಳೆಯುತ್ತದೆ. ಗಿಡ್ಡನೆಯ ದಟ್ಟ ಬ್ರಷ್ ಮುಖಕ್ಕೆಲ್ಲ ಬಳಿಯುವ ಫೌಂಡೇಶನ್‌ಗೆ ಚೆನ್ನ, ಬ್ಲಶ್‌ಗೆ ಹಿಡಿದರೆ ಒಂದೇ ಕಡೆ ಗುಡ್ಡೆ. ಮುಚ್ಚಳದಲ್ಲಿ ಬ್ರಷ್ ಆಡಿಸಿ, ಪುಡಿ ಕೂದಲ ಒಳಗೆ ಇಳಿಯುವಷ್ಟು ತಿರುಗಿಸಿ, ಅಂಚಿಗೆ ತಟ್ಟಿ. ಮೊದಲ ಮುಟ್ಟು ಕೆನ್ನೆಗೆ ಬೇಡ, ಅಂಗೈ ಹಿಂಭಾಗಕ್ಕೆ ಮುಟ್ಟಿಸಿ. ಅಲ್ಲಿ ಗಟ್ಟಿಯಾಗಿ ಬಿದ್ದರೆ ಕೆನ್ನೆಯ ಮೇಲೂ ಹಾಗೇ ಬೀಳುತ್ತಿತ್ತು.

ಎಲ್ಲರೂ ನಕ್ಕು ಹಚ್ಚಿ ಅಂತಾರೆ. ನಗುವಾಗ ಕೆನ್ನೆ ಮೇಲೆ ಹೋಗುತ್ತದೆ, ನಗು ನಿಲ್ಲಿಸಿದರೆ ಬಣ್ಣವೂ ಕೆಳಗೆ ಬಂದು ಬಾಯಿಯ ಪಕ್ಕ ಕೂರುತ್ತದೆ. ಹದಿನೆಂಟು ವರ್ಷದವರಿಗೆ ನಡೆಯುತ್ತೆ, ನನಗೆ ಮುಖ ಜೋತು ಬಿದ್ದ ಹಾಗೆ ಕಾಣುತ್ತದೆ. ನಕ್ಕು ಉಬ್ಬು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ, ಆಮೇಲೆ ಮುಖ ಸಡಿಲ ಬಿಟ್ಟು ಆ ಉಬ್ಬಿನ ಮೇಲಂಚಿನಿಂದ ಕಿವಿಯ ಮೇಲ್ತುದಿಯ ಕಡೆಗೆ ಹೋಗಿ. ಮೂಗಿನಿಂದ ಎರಡು ಬೆರಳು ಬಿಡಿ, ಮೂಗಿನ ತುದಿಯ ಮಟ್ಟಕ್ಕಿಂತ ಕೆಳಗೆ ಇಳಿಯಬೇಡಿ. ಮೊದಲು ಒತ್ತಿ ಒತ್ತಿ ಕೂರಿಸಿ, ಆಮೇಲೆ ಅಂಚನ್ನು ಮಾತ್ರ ಸಣ್ಣ ಸುತ್ತಿನಲ್ಲಿ ಕರಗಿಸಿ. ಬಣ್ಣ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ಬ್ರಷ್‌ನಲ್ಲಿ ಉಳಿದದ್ದನ್ನು ಹಣೆಯ ಅಂಚಿಗೆ, ಗದ್ದಕ್ಕೆ ಸುಮ್ನೆ ಹಾಯಿಸಿ, ಆಗ ಕೆನ್ನೆ ಮಾತ್ರ ಬೇರೆ ಅನ್ನಿಸುವುದಿಲ್ಲ.

ಗ್ಲೋ ಬೇಕು ಅಂದಿರಿ. ಹೊಳಪು ಬರುವುದು ಮೈಕಾದಿಂದ. ನುಣ್ಣಗೆ ಅರೆದ ಮೈಕಾ ಸ್ನಾನ ಮಾಡಿ ಬಂದ ಮುಖದ ಹೊಳಪು ಕೊಡುತ್ತದೆ, ದಪ್ಪ ಚೂರು ಜಾತ್ರೆಯ ಬಳೆಯ ಹೊಳಪು. ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಒಂದೊಂದು ಚುಕ್ಕಿಯೂ ಬೇರೆ ಬೇರೆ ಮಿನುಗಿದರೆ ಅದು ದಪ್ಪ, ವಿಡಿಯೋ ಲೈಟ್‌ಗೆ ಬೆವರಿನ ಹನಿ ಥರ ಕಾಣುತ್ತದೆ. ಮೊಡವೆ ಗುಳಿ ಇರುವವರು ಹೊಳಪಿಲ್ಲದ್ದನ್ನೇ ತಗೊಳ್ಳಿ. (ಮೈಕಾ ಬಗ್ಗೆ ಇನ್ನೊಂದು ಮಾತು: ಜಾರ್ಖಂಡ್‌ನ ಕೋಡರ್ಮಾ, ಗಿರಿಡೀಹ್ ಕಡೆ ಮಕ್ಕಳ ಕೈಯಲ್ಲಿ ಅದನ್ನು ಆಯಿಸಿದ ವರದಿಗಳು ಬಂದಿವೆ. ಸಿಂಥೆಟಿಕ್ ಮೈಕಾ, ಅಂದರೆ ಕಾರ್ಖಾನೆಯಲ್ಲಿ ಮಾಡಿದ್ದು, ಅಂತ ಬರೆದದ್ದು ಸಿಕ್ಕರೆ ನಾನು ನಾಲ್ಕು ಕಾಸು ಹೆಚ್ಚು ಕೊಟ್ಟು ಅದನ್ನೇ ತಗೊಳ್ಳುತ್ತೇನೆ.)

ಇನ್ನು ಬೆಳಕು. ಪುಡಿಗಿಂತ ಹೆಚ್ಚು ಮೋಸ ಮಾಡುವುದು ಇದೇ. ಮೂರು ವರ್ಷದ ಹಿಂದೆ ಮಾಲೂರು ಹತ್ತಿರದ ಹಳ್ಳಿಯಲ್ಲಿ ನನ್ನ ನಾದಿನಿಯ ನಿಶ್ಚಿತಾರ್ಥ. ಅವಳನ್ನು ಒಳಕೋಣೆಯಲ್ಲಿ ಕೂರಿಸಿದೆ. ಕಿಟಕಿ ಇಲ್ಲ, ಗೋಡೆಗೆ ಗಿಳಿಹಸಿರು ಬಣ್ಣ, ಮೇಲೆ ಒಂದು ಟ್ಯೂಬ್‌ಲೈಟ್. ಎಷ್ಟು ಹಚ್ಚಿದರೂ ಮುಖ ಸಪ್ಪೆ. ಇನ್ನೊಂದು ಸುತ್ತು ಹಾಕಿದೆ, ಮತ್ತೊಂದು ಸುತ್ತು. ಹಸಿರು ಗೋಡೆಗೆ ಬಿದ್ದ ಬೆಳಕು ಹಸಿರಾಗಿಯೇ ಮುಖಕ್ಕೆ ಬರುತ್ತದೆ, ಕೆಂಪನ್ನು ನುಂಗುತ್ತದೆ ಅಂತ ಆಗ ಯಾರಿಗೆ ಗೊತ್ತು. ಅಂಗಳಕ್ಕೆ ಕರೆತಂದರೆ ಎರಡು ಕೆನ್ನೆಯೂ ಮಾರ್ಕೆಟ್ ಟೊಮೆಟೊ. ನಮ್ಮ ಅತ್ತೆ ಒಂದು ಮಾತೂ ಆಡದೆ ಸೆರಗಿನ ತುದಿಯಿಂದ ಬಲಗೆನ್ನೆ ಒರೆಸಿದರು. ಪುಡಿ ಜೊತೆ ಫೌಂಡೇಶನ್ನೂ ಬಂತು, ನಡುವೆ ಒಂದು ಬೋಳು ಪಟ್ಟೆ. ಆಲ್ಬಂ ತೆಗೆದು ನೋಡಿ, ಹುಡುಗಿ ಎಲ್ಲಾ ಫೋಟೋದಲ್ಲೂ ಎಡಗೆನ್ನೆ ತೋರಿಸಿಕೊಂಡೇ ನಿಂತಿದ್ದಾಳೆ.

ಶಾಮಿಯಾನದ ಕೆಳಗೆ ಇದರ ತದ್ವಿರುದ್ಧ. ಕೆಂಪು ಬಟ್ಟೆಯ ಶಾಮಿಯಾನ ಆದರೆ ಬಿಸಿಲು ಅದರಿಂದ ಸೋಸಿ ಬಂದು ಎಲ್ಲರ ಮುಖವೂ ಕೆಂಪು, ಅಲ್ಲಿ ಬ್ಲಶ್ ಕಡಿಮೆಯೇ ಇರಲಿ. ಹಾಗಾಗಿ ಎಲ್ಲಿ ಕಾರ್ಯಕ್ರಮ, ಹಗಲಾ ರಾತ್ರಿಯಾ, ಶಾಮಿಯಾನದ ಬಟ್ಟೆ ಯಾವ ಬಣ್ಣ ಅಂತ ಮೊದಲೇ ಕೇಳಿ. ಹಚ್ಚುವುದು ಮಾತ್ರ ಬಾಗಿಲಿಗೆ ಮುಖ ಮಾಡಿ ಕೂತು. ಜಾಸ್ತಿ ಆಯಿತಾ, ಒರೆಸಬೇಡಿ. ಬಣ್ಣ ಇಲ್ಲದ ಒಣ ಬ್ರಷ್‌ನಿಂದ ಸುತ್ತಿ ಸುತ್ತಿ ತೆಗೆಯಿರಿ, ಇನ್ನೂ ಉಳಿದರೆ ನಿಮ್ಮ ಬಣ್ಣದ ಕಾಂಪ್ಯಾಕ್ಟ್ ಪೌಡರ್ ತೆಳ್ಳಗೆ ಒತ್ತಿ.

ಹಿಂದಿನ ದಿನ ಅರಿಶಿನ ಹಚ್ಚಿದ್ದರೆ ಮರುದಿನವೂ ಮುಖದಲ್ಲಿ ಹಳದಿ ಇರುತ್ತದೆ, ಇಟ್ಟಿಗೆ ಬಣ್ಣದ ಬ್ಲಶ್ ಅದರ ಮೇಲೆ ಕಿತ್ತಳೆಗೆ ತಿರುಗುತ್ತದೆ. ಆವತ್ತು ಬೀಟ್‌ರೂಟ್ ಕಡೆಗೆ ವಾಲುವ ಶೇಡ್ ಇರಲಿ. ಹೊಸ ಡಬ್ಬಿ ಯಾವುದೇ ಆದರೂ ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿ, ಹದಿನೈದು ದಿನ ಇದೆಯಲ್ಲ.

ಬ್ರಷ್ ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆಯಿರಿ. ನಮ್ಮ ಕಡೆಯ ಬೋರ್ ನೀರು ಗಡಸು, ಒಣಗಿದ ಮೇಲೆ ಕೂದಲು ಪೊರಕೆ ಕಡ್ಡಿ ಆಗುತ್ತದೆ. ಕೊನೆಯ ಸಲ ಜಾಲಾಡಿಸುವಾಗ ಕ್ಯಾನ್ ನೀರು ಒಂದು ಲೋಟ ಬಳಸಿ. ಒದ್ದೆ ಬ್ರಷ್ ಡಬ್ಬಿಗೆ ಇಳಿಸಬೇಡಿ. ಈ ಪುಡಿಯಲ್ಲಿ ನೀರಿಲ್ಲ, ಅದಕ್ಕೇ ಬೇಗ ಕೆಡುವುದಿಲ್ಲ. ನೀರು ನೀವಾಗಿಯೇ ಸೇರಿಸಿದರೆ ಆ ಲಾಭ ಹೋಯಿತು.

ತರಿಸಿದ ತಿಳಿ ಗುಲಾಬಿ ಎಸೆಯಬೇಡಿ ಮತ್ತೆ. ಬಿಡಿ ಪುಡಿಯ ಅನುಕೂಲವೇ ಬೆರೆಸಬಹುದು ಅನ್ನುವುದು. ಇಟ್ಟಿಗೆ ಶೇಡ್ ಒಂದು ತಂದು, ಮುಚ್ಚಳದಲ್ಲಿ ಅದು ನಾಲ್ಕು ಪಾಲು, ನಿಮ್ಮದು ಒಂದು ಪಾಲು ಹಾಕಿ ನೋಡಿ. ಬೂದು ಬರದಿದ್ದರೆ ಹಾಗೇ ಇಟ್ಟುಕೊಳ್ಳಿ, ಬಂದರೆ ಮನೆಯಲ್ಲಿ ಬೆಳ್ಳಗಿರುವ ಯಾರಿಗಾದರೂ ಕೊಟ್ಟುಬಿಡಿ. ಬೆರೆಸಿ ಹಚ್ಚಿದ ಮೇಲೆ ಬಾಗಿಲ ಬಳಿ ನಿಂತು ಒಂದು ಫೋಟೋ ಇಲ್ಲೇ ಹಾಕಿ, ಎರಡು ಕೆನ್ನೆಯದೂ.