ಎಲ್ ಟೇಬಲ್ ಆನ್‌ಲೈನಾ, ಆಚಾರಿಯಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹತ್ರ ಬಂತು ಅಂದ್ರೆ ಮನೆ ಸಾಮಾನಿನ ಪ್ರಶ್ನೆಗಳೇ ಜಾಸ್ತಿ ಬರುದು. ಈ ಸಲ ಅರ್ಧಕ್ಕರ್ಧ ಆಫೀಸ್ ಟೇಬಲ್ಲಿಂದೇ, ಅದ್ರಲ್ಲೂ ಎಲ್ ಶೇಪಿಂದು, ಹಾಗಾಗಿ ಎಲ್ಲ ಒಟ್ಟಿಗೆ ಹಾಕಿದ್ದೇವೆ.

ಪ್ರಶ್ನೆ: ವರ್ಕ್ ಫ್ರಮ್ ಹೋಮ್ ಇನ್ನು ಪರ್ಮನೆಂಟ್ ಅಂತ ಕಂಪೆನಿಯವ್ರು ಹೇಳಿದ್ದಾರೆ. ಹತ್ತಕ್ಕೆ ಹತ್ತರ ರೂಮು ಉಂಟು. ಆನ್‌ಲೈನಲ್ಲಿ ಒಂದು ಎಲ್ ಡೆಸ್ಕ್ ನೋಡಿ ಇಟ್ಟಿದ್ದೇನೆ, ಅತ್ತೆ ಮಾತ್ರ ಆಚಾರಿ ಹತ್ರ ಮಾಡಿಸು ಅಂತಾರೆ. ಯಾವುದು ಒಳ್ಳೇದು?
– ಓದುಗರು, ಕೊಟ್ಟಾರ

ಉತ್ತರ: ಅತ್ತೆ ಹೇಳುದ್ರಲ್ಲಿ ವಿಷಯ ಉಂಟು, ಆದ್ರೆ ಆಚಾರಿ ಮಾಡಿದ್ದೆಲ್ಲ ಗಟ್ಟಿ, ಆನ್‌ಲೈನಿದ್ದೆಲ್ಲ ಪೊಳ್ಳು ಅಂತ ಏನೂ ಇಲ್ಲ. ನಮ್ಮ ಊರಲ್ಲಿ ಟೇಬಲ್ ಹಾಳಾಗುದು ಭಾರಕ್ಕಲ್ಲ, ತೇವಕ್ಕೆ. ಜೂನಿಂದ ಸೆಪ್ಟೆಂಬರ್ ತನಕ ಕಪಾಟಿನ ಬಟ್ಟೆಗೇ ಬೂಷ್ಟು ಬರ್ತದೆ ಅಂದ್ಮೇಲೆ ಹಲಗೆ ಹೇಗೆ ತಪ್ಪಿಸಿಕೊಳ್ತದೆ ಹೇಳಿ. ಹಾಗಾಗಿ ಮೊದ್ಲು ಕೇಳ್ಬೇಕಾದ್ದು ಹಲಗೆ ಎಂತದ್ದು ಅಂತ. 'ಎಂಜಿನಿಯರ್ಡ್ ವುಡ್' ಅಂತ ಬರ್ದಿದ್ರೆ ಅದು ಉತ್ತರವೇ ಅಲ್ಲ, ಪಾರ್ಟಿಕಲ್ ಬೋರ್ಡಿಗೂ ಎಂಡಿಎಫಿಗೂ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಪ್ಲೈವುಡ್ಡಿಗೂ ಎಲ್ಲದಕ್ಕೂ ಅದೇ ಹೆಸರು ಹಾಕ್ತಾರೆ, ಬಿಡಿಸಿ ಕೇಳಿ.

ಕಡಿಮೆ ರೇಟಿನ ಹೆಚ್ಚಿನ ಡೆಸ್ಕುಗಳು ಪಾರ್ಟಿಕಲ್ ಬೋರ್ಡಿನವು. ಮರದ ಚೂರನ್ನು ಅಂಟು ಹಾಕಿ ಒತ್ತಿ ಮಾಡಿದ್ದು ಅದು. ಮೇಲೆ ಅಂಟಿಸಿದ ತೆಳು ಹಾಳೆ, ಲ್ಯಾಮಿನೇಟ್ ಇರ್ತದಲ್ಲ, ಅದರ ಮೇಲೆ ಚಾ ಚೆಲ್ಲಿದ್ರೂ ಒರೆಸಿದ್ರೆ ಮುಗೀತು. ನೀರು ಒಳಗೆ ಹೋಗುದು ಅಂಚಿಂದ, ಸ್ಕ್ರೂ ತೂತಿಂದ, ವಯರ್ ಬಿಡ್ಲಿಕ್ಕೆ ಕೊರೆದ ರೌಂಡ್ ತೂತಿಂದ. ಒಮ್ಮೆ ಉಬ್ಬಿತೋ, ಬಿಸಿಲಿಗಿಟ್ರೂ ಮೊದಲಿನ ಹಾಗೆ ಆಗುದಿಲ್ಲ, ಸ್ಕ್ರೂ ಹಿಡಿತವೂ ಹೋಗ್ತದೆ. ಅಂಗಡಿಗೆ ಹೋದ್ರೆ ಮೇಲಿನ ಬಣ್ಣ ನೋಡ್ತಾ ನಿಲ್ಲಬೇಡಿ, ಬಗ್ಗಿ ಟೇಬಲ್ಲಿನ ಅಡಿಭಾಗ ನೋಡಿ. ಅಡಿಗೂ ಲ್ಯಾಮಿನೇಟ್ ಉಂಟಾ, ಗೋಡೆ ಕಡೆಯ ಅಂಚಿಗೂ ಪಟ್ಟಿ ಅಂಟಿಸಿದ್ದಾರಾ, ವಯರಿನ ತೂತೊಳಗೆ ಬೆರಳು ಹಾಕಿದ್ರೆ ಹೊಟ್ಟು ಕೈಗೆ ಬರ್ತದಾ. ಇಷ್ಟು ಸರಿ ಇದ್ರೆ ಪಾರ್ಟಿಕಲ್ ಬೋರ್ಡೂ ನಡೀತದೆ, ಗೋಡೆಯಲ್ಲಿ ನೀರು ಒಸರದಿದ್ರೆ ಮಾತ್ರ.

ಆಚಾರಿ ಹತ್ರ ಮಾಡಿಸುದಾದ್ರೆ 18 ಎಂಎಂ ಪ್ಲೈವುಡ್ ತಗೊಳ್ಳಿ. 'ಎಂಆರ್' ಅಂತ ಸೀಲ್ ಇರುದು ಅಂದ್ರೆ ಸಾದಾ ಕಮರ್ಷಿಯಲ್ ಪ್ಲೈ, ಅದು ವಾಟರ್‌ಪ್ರೂಫ್ ಅಲ್ಲ. ಮರೈನ್, ಅಂದ್ರೆ ನೀರಿಗೆ ತಡೆಯುವ ಪ್ಲೈ ಅಂತ ಹೇಳಿ ಕೊಟ್ರೆ ಅದರ ಮೇಲೆ ಐಎಸ್ 710 (ಮರೈನ್ ಪ್ಲೈಯ ಭಾರತೀಯ ಮಾನದಂಡ) ಸೀಲ್ ಉಂಟಾ ನೋಡಿ. ಹಾಗಂತ ಒಳಗಿನ ರೂಮಿನ ಟೇಬಲ್ಲಿಗೆ ಮರೈನೇ ಆಗ್ಬೇಕು ಅಂತ ಇಲ್ಲ, ಬಿಡಬ್ಲ್ಯೂಆರ್ (ಕುದಿಯುವ ನೀರಿಗೂ ತಡೆಯುವ ಅಂಟಿನ ಪ್ಲೈ) ಧಾರಾಳ ಸಾಕು.

ಈಗ ಲೆಕ್ಕ ನೋಡಿ. ಒಂದು ಪ್ಲೈ ಶೀಟ್ ಅಂದ್ರೆ 8 ಅಡಿಗೆ 4 ಅಡಿ. ಉದ್ದಕ್ಕೆ ಸೀಳಿ 2 ಅಡಿ ಅಗಲದ ಎರಡು ಪಟ್ಟಿ ಮಾಡಿದ್ರೆ, ಒಂದು ಪಟ್ಟಿಯಲ್ಲಿ 5 ಅಡಿಯ ಮೇನ್ ಟಾಪು, 3 ಅಡಿಯ ಸೈಡ್ ಟಾಪು ಎರಡೂ ಬಂತು. ಮೂಲೆಯಲ್ಲಿ ಮೇನ್ ಟಾಪಿನ 2 ಅಡಿ ಅಗಲವೂ ಸೇರುದ್ರಿಂದ ಎರಡೂ ಗೋಡೆಗೆ ಐದೈದು ಅಡಿಯ ಎಲ್ ಆಯ್ತು. ಇನ್ನೊಂದು ಪಟ್ಟಿಯಲ್ಲಿ 28 ಇಂಚಿನ ಮೂರು ಕಾಲು ಹಲಗೆ, ಎರಡು ತುದಿಗೆರಡು, ಮೂಲೆಗೊಂದು, ಮತ್ತೂ ಒಂದಡಿ ತುಂಡು ಉಳೀತದೆ. ಗರಗಸಕ್ಕೆ ಒಂದು ಕಟ್ಟಿಗೆ ಮೂರ್ನಾಲ್ಕು ಎಂಎಂ ಹೋಗ್ತದೆ, ಅದನ್ನು ಬಿಟ್ಟು ಹೇಳಿದ್ದು. ಹಲಗೆ ಮೇಲೆ ಟಾಪ್ ಕೂತಾಗ ಎತ್ತರ 73 ಸೆಂಟಿಮೀಟರ್ ಹತ್ರ ಬರ್ತದೆ, ಮಾಮೂಲಿ ಆಫೀಸ್ ಟೇಬಲ್ಲಿನಷ್ಟೇ. ಅಂದ್ರೆ ಒಂದು ಶೀಟಿಗಿಂತ ಜಾಸ್ತಿ ಬೇಕು ಅಂತ ಯಾರಾದ್ರೂ ಹೇಳಿದ್ರೆ ಎಲ್ಲಿಗೆ ಅಂತ ಬಿಡಿಸಿ ಕೇಳ್ಬಹುದು, ಡ್ರಾಯರ್ ಬೇಕಾದ್ರೆ ಬೇರೆ. ಐದಡಿ ಟಾಪ್ ನಡುವಲ್ಲಿ ಬಗ್ಗದ ಹಾಗೆ ಅದರ ಕೆಳಭಾಗದಲ್ಲಿ ಹಿಂದಿನ ಅಂಚಿಗೆ ಒಂದು ರೀಪು (ಮರದ ಪಟ್ಟಿ) ಕೊಡ್ಲಿಕ್ಕೆ ಹೇಳಿ. ಮೈಕಾ (ಲ್ಯಾಮಿನೇಟ್ ಹಾಳೆ) ಮೇಲೆ ಮಾತ್ರ ಅಂಟಿಸಿ ಅಡಿಭಾಗ ಹಾಗೇ ಬಿಡುವ ಅಭ್ಯಾಸ ಉಂಟು, ಅದಕ್ಕೆ ಒಪ್ಪಬೇಡಿ, ಒಂದು ಬದಿ ಮಾತ್ರ ಮುಚ್ಚಿದ್ರೆ ಹಲಗೆ ನಿಧಾನಕ್ಕೆ ಬಾಗ್ತದೆ.

ಮತ್ತೆ ಅಳತೆ ವಿಷಯ. ಕೆಂಪುಕಲ್ಲಿನ ಗೋಡೆಗಳ ಮೂಲೆ ಎಲ್ಲಾ ಕಡೆ ಸರಿಯಾಗಿ ಮಟ್ಟಕ್ಕೆ ಇರುದಿಲ್ಲ. ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ ಓರೆಯಾಗಿ ಟೇಪ್ ಹಿಡೀರಿ, ಸರಿಯಾಗಿ 5 ಅಡಿ ಬಂದ್ರೆ ಮೂಲೆ ಕರೆಕ್ಟ್. ಜಾಸ್ತಿ ಬಂದ್ರೆ ಮೂಲೆ ಅಗಲ ಉಂಟು, ಟೇಬಲ್ ಒಂದು ಕಡೆ ಗೋಡೆ ಬಿಟ್ಟು ನಿಲ್ತದೆ. ರೆಡಿಮೇಡ್ ಡೆಸ್ಕಾದ್ರೆ ಇದಕ್ಕೆ ಮದ್ದಿಲ್ಲ, ಆಚಾರಿಯಾದ್ರೆ ಅಲ್ಲೇ ಹಲಗೆ ಓರೆ ಮಾಡಿ ಕೊಡ್ತಾರೆ, ಅವರ ಹತ್ರ ಮಾಡಿಸುದ್ರ ನಿಜವಾದ ಲಾಭ ಅದು. ಕೆಳಗೆ ಟೈಲ್ಸಿನ ಸ್ಕರ್ಟಿಂಗ್ ಗೋಡೆಯಿಂದ ಸ್ವಲ್ಪ ಮುಂದೆ ಬಂದಿರ್ತದೆ, ಕಾಲು ಅದಕ್ಕೆ ತಾಗಿ ನಿಲ್ತದೆ, ಮೇಲೆ ಸಂದಿ ಬೀಳ್ತದೆ. ಪೆನ್ನು ಬೀಳ್ತದೆ ಅಂತ ಅದನ್ನು ಮುಚ್ಚಲಿಕ್ಕೆ ಹೋಗಬೇಡಿ. ಎರಡು ಬೆರಳು ಸಂದಿ ಇರ್ಲೇಬೇಕು, ಗಾಳಿ ಆಡ್ಬೇಕು, ಗೆದ್ದಲು ಬಂದ್ರೂ ಕಣ್ಣಿಗೆ ಕಾಣ್ಬೇಕು, ವಯರಿಗೂ ಅದೇ ದಾರಿ.

ಪ್ರಶ್ನೆ: ಡೆಸ್ಕ್ ತರಿಸಿ ಆಯ್ತು, ಬಾಕ್ಸ್ ಹಾಲಲ್ಲಿ ಉಂಟು. ಫಿಟ್ ಮಾಡುವವ್ರು ಯಾವಾಗ ಬರ್ತಾರೋ ಗೊತ್ತಿಲ್ಲ, ನಾವೇ ಮಾಡ್ಬಹುದಾ?
– ಓದುಗರು, ಬಿಜೈ

ಉತ್ತರ: ಮಾಡ್ಬಹುದು, ಒಬ್ಬರೇ ಬೇಡ. ಡೆಸ್ಕ್ ಇಡುವ ರೂಮಲ್ಲೇ ಜೋಡಿಸಿ. ಹಾಲಲ್ಲಿ ಜೋಡಿಸಿದ್ರೆ ಎಲ್ ಬಾಗಿಲಲ್ಲಿ ತಿರುಗುದಿಲ್ಲ, ಮತ್ತೆ ಬಿಚ್ಚಬೇಕಾಗ್ತದೆ. ನೆಲಕ್ಕೆ ಹಳೇ ಚಾದರ ಹಾಸಿ ಟಾಪನ್ನು ಕವುಚಿ ಇಟ್ಕೊಂಡು ಶುರು ಮಾಡಿ, ಬೋಲ್ಟುಗಳನ್ನು ಲೆಕ್ಕ ಮಾಡಿ ತಟ್ಟೆಗೆ ಹಾಕಿ.

ಹಲಗೆ ಹಲಗೆ ಸೇರುವಲ್ಲಿ ಮಿನಿಫಿಕ್ಸ್ ಇರ್ತದೆ, ಒಂದು ಪಿನ್ನು, ಒಂದು ಬಟನ್ ಹಾಗಿರುವ ಗುಂಡು. ಎಲ್ಲರೂ ಎಡವುದು ಇಲ್ಲೇ. ಮೊದಲು ಪಿನ್ನನ್ನು ಅದರ ಕಾಲರ್ ಹಲಗೆಗೆ ಕೂರುವ ತನಕ ತಿರುಗಿಸಿ. ಗುಂಡನ್ನು ಇನ್ನೊಂದು ಹಲಗೆಯ ತೂತಿಗೆ ಹಾಕುವಾಗ ಅದರ ಮೇಲಿನ ಬಾಣ ಪಿನ್ನು ಬರುವ ಅಂಚಿನ ಕಡೆಗೇ ಇರ್ಬೇಕು, ಬೇರೆ ಕಡೆ ಇದ್ರೆ ಪಿನ್ನಿನ ತಲೆ ಒಳಗೆ ಹೋಗುದೇ ಇಲ್ಲ. ಎರಡು ಹಲಗೆ ಸಂದಿಯಿಲ್ಲದ ಹಾಗೆ ಒತ್ತಿ ಹಿಡಿದು ಸ್ಟಾರ್ ಸ್ಕ್ರೂಡ್ರೈವರಲ್ಲಿ ಬಲಕ್ಕೆ ಸುಮಾರು ಅರ್ಧ ಸುತ್ತು. ಬಿಗಿ ಆದದ್ದು ಕೈಗೆ ಗೊತ್ತಾಗ್ತದೆ, ಅಲ್ಲಿಗೆ ನಿಲ್ಲಿಸಿ. ಸುಮ್ನೆ ಸುತ್ತುತ್ತಾ ಇದ್ರೆ ಪಿನ್ನು ಸಿಕ್ಕಿಲ್ಲ ಅಂತ ಅರ್ಥ, ಬಿಚ್ಚಿ ನೋಡಿ, ಜೋರು ಮಾಡಬೇಡಿ. ಡ್ರಿಲ್ ಮೆಷಿನ್ ಹಾಕಿ ತಿರುಗಿಸುವ ಭಾವ ಒಬ್ರು ಎಲ್ಲ ಮನೆಯಲ್ಲೂ ಇರ್ತಾರೆ, ಅವರನ್ನು ಚಾ ಮಾಡ್ಲಿಕ್ಕೆ ಕಳ್ಸಿ.

ಕಬ್ಬಿಣದ ಕಾಲಾದ್ರೆ ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಹಾಕಿ, ಎಲ್ಲಾ ಕೂತ್ಮೇಲೆ ಬಿಗಿ ಮಾಡಿ. ಇನ್ನೊಂದು, ಇಡೀ ಎಲ್ ಡೆಸ್ಕನ್ನು ಕವುಚಿ ಜೋಡಿಸಿ ಆಮೇಲೆ ಎತ್ತಿ ತಿರುಗಿಸಿದ್ರೆ ನಡುವಿನ ಜಾಯಿಂಟಿಗೆ ಎಲ್ಲಾ ಭಾರ ಬಿದ್ದು ಅದು ಕಿತ್ತು ಬರ್ತದೆ. ಎರಡು ಭಾಗ ಬೇರೆ ಬೇರೆ ನಿಲ್ಲಿಸಿ, ಕಾಲಿನ ಅಡಿಯ ಬುಷ್ ತಿರುಗಿಸಿ ಮಟ್ಟ ಮಾಡಿ, ಕೊನೆಗೆ ಜಾಯಿಂಟ್ ಪ್ಲೇಟ್ ಹಾಕಿ. ಕಾಲಿನ ಪೈಂಟ್ ಎಲ್ಲಿಯಾದ್ರೂ ಕೆರೆದು ಹೋದ್ರೆ ಅಲ್ಲಿಗೆ ಪಾರದರ್ಶಕ ನೈಲ್ ಪಾಲಿಶ್ ಹಚ್ಚಿ, ಸಮುದ್ರದ ಗಾಳಿಗೆ ತುಕ್ಕು ಶುರುವಾಗುದು ಅಂತ ಜಾಗದಿಂದ್ಲೇ.

ಪ್ರಶ್ನೆ: ಎಲ್ ಎಡಕ್ಕಾ ಬಲಕ್ಕಾ? ಪೂರ್ವಕ್ಕೆ ಮುಖ ಮಾಡಿ ಕೂರ್ಬೇಕು ಅಂತಲೂ ಮನೆಯಲ್ಲಿ ಹೇಳ್ತಾರೆ.
– ಓದುಗರು, ಕುಂಜಿಬೆಟ್ಟು

ಉತ್ತರ: ಪೂರ್ವಕ್ಕೆ ಕೂರಿ, ಅಡ್ಡಿ ಇಲ್ಲ, ಆದ್ರೆ ಆಗ ನಿಮ್ಮ ಬೆನ್ನ ಹಿಂದೆ ಪಡುವಣದ ಕಿಟಕಿ ಉಂಟಾ ನೋಡಿ. ಇದ್ರೆ ಸಂಜೆ ಬಿಸಿಲು ನೇರ ಸ್ಕ್ರೀನಿಗೆ ಹೊಡೀತದೆ, ಮಳೆಗಾಲದಲ್ಲಿ ಗಾಳಿ ಬರುದೂ ಆ ಕಡೆಯಿಂದ್ಲೇ, ಇರ್ಚಲು ಒಳಗೆ ಬರ್ತದೆ. ಕಿಟಕಿ ಪಕ್ಕಕ್ಕೆ ಇರುದು ಎಲ್ಲಕ್ಕಿಂತ ಒಳ್ಳೇದು. ಬಲಗೈಯಲ್ಲಿ ಬರೆಯುವವರಾದ್ರೆ ಎಡಗಡೆಯಿಂದ ಬೆಳಕು ಬರ್ಲಿ, ಕೈ ನೆರಳು ಪೇಪರಿಗೆ ಬೀಳುದಿಲ್ಲ. ಎಡ ಬಲ ಅಂತ ಆರ್ಡರ್ ಮಾಡುವಾಗ ಕುರ್ಚಿಯಲ್ಲಿ ಕೂತವನ ಎಡವಾ, ಎದುರು ನಿಂತು ನೋಡುವವನ ಎಡವಾ ಅಂತ ಫೋಟೋದೊಟ್ಟಿಗೆ ಸರಿ ನೋಡ್ಕೊಳ್ಳಿ. ಎರಡು ಕಡೆಗೂ ಜೋಡಿಸಬಹುದಾದ್ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

ಪ್ರಶ್ನೆ: ಊರಿನ ಹಂಚಿನ ಮನೆ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆ ಉಂಟು. ಅದ್ರಲ್ಲಿ ಮಾಡಿಸ್ಬಹುದಾ?
– ಓದುಗರು, ಕಾಪು

ಉತ್ತರ: ಪುಣ್ಯವಂತರು ಮಾರಾಯ್ರೆ ನೀವು. ಹಳೇ ಹಲಸು ಚೆನ್ನಾಗಿ ಒಣಗಿರ್ತದೆ. ಮೊದ್ಲು ಕುಟ್ಟೆ (ಮರ ಕೊರೆಯುವ ಹುಳ) ಬಿದ್ದಿದೆಯಾ ನೋಡಿ, ಸಣ್ಣ ತೂತು, ಕೆಳಗೆ ನುಣ್ಣನೆ ಹುಡಿ ಬಿದ್ದಿದ್ರೆ ಮದ್ದು ಹೊಡೆಸಿಯೇ ಒಳಗೆ ತನ್ನಿ. ಹಳೇ ಮೊಳೆ ಒಂದೂ ಬಿಡದೆ ತೆಗೆಸಿ, ಇಲ್ಲದ್ರೆ ಆಚಾರಿಯ ಮೆಷಿನಿನ ಬ್ಲೇಡು ಹೋಗ್ತದೆ, ಬಾಯಿಗೆ ಬಂದದ್ದು ನೀವು ಕೇಳ್ಬೇಕು. ಮುಖ್ಯ ವಿಷಯ ಮೂಲೆ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ತದೆ, ಉದ್ದಕ್ಕೆ ಹೆಚ್ಚೇನೂ ಇಲ್ಲ. ಎಲ್ ಶೇಪಲ್ಲಿ ಒಂದು ಹಲಗೆಯ ತುದಿ ಇನ್ನೊಂದರ ಬದಿಗೆ ಸೇರುದ್ರಿಂದ ಎರಡೂ ಬೇರೆ ಬೇರೆ ದಿಕ್ಕಿಗೆ ಹಿಗ್ತದೆ, ಅಂಟು ಹಾಕಿ ಒಂದೇ ಮಾಡಿದ್ರೆ ಬಿರುಕು ಬಿಡ್ತದೆ. ಮೂರು ನಾಲ್ಕು ಎಂಎಂ ಸಂದಿ ಬಿಟ್ಟು, ಅಡಿಯಿಂದ ಉದ್ದ ತೂತಿನ ಕಬ್ಬಿಣದ ಪಟ್ಟಿ ಕೊಟ್ಟು ಹಿಡಿಸ್ಲಿಕ್ಕೆ ಹೇಳಿ. ಪಾಲಿಶ್ ಅಡಿಗೂ ಆಗ್ಬೇಕು.

ಪ್ರಶ್ನೆ: ಬಂದ ಡೆಸ್ಕಿನ ಒಂದು ಮೂಲೆ ಒಡೆದಿತ್ತು, ಮಾರಿದವ್ರು ನಾಳೆ ನಾಡಿದ್ದು ಅಂತಿದ್ದಾರೆ.
– ಓದುಗರು, ಸುರತ್ಕಲ್

ಉತ್ತರ: ಫೋನಲ್ಲಿ ಮಾತಾಡುದು ನಿಲ್ಲಿಸಿ, ಬರವಣಿಗೆಯಲ್ಲಿ ಹಾಕಿ, ಫೋಟೋ ಸಮೇತ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಕಂಪೆನಿಗೆ ದೂರು ನೋಡುವ ಒಬ್ಬ ಗ್ರೀವೆನ್ಸ್ ಆಫೀಸರ್ ಇರ್ಲೇಬೇಕು, ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ಹೇಳ್ಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡ್ಬೇಕು. ಆಗದಿದ್ರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ತನಕ ಒಡೆದ ಡೆಸ್ಕನ್ನು ಜೋಡಿಸಿ ಉಪಯೋಗಿಸಬೇಡಿ, ಆಮೇಲೆ ನೀವೇ ಒಡೆದದ್ದು ಅಂತಾರೆ.

ಪ್ರಶ್ನೆ: ಬಾಡಿಗೆ ರೂಮು, ವರ್ಷಕ್ಕೊಮ್ಮೆ ಬದಲಾಗ್ತದೆ. ಎಲ್ ಬೇಕು ಅಂತ ಆಸೆ.
– ಓದುಗರು, ಮಣಿಪಾಲ

ಉತ್ತರ: ಎಲ್ ಬೇಡ. ನಾಲ್ಕಡಿಯ ಸಾದಾ ಟೇಬಲ್ ಒಂದು, ಅದೇ ಎತ್ತರದ ಸಣ್ಣ ಟೇಬಲ್ ಇನ್ನೊಂದು, ಮೂಲೆಗೆ ಸೇರಿಸಿದ್ರೆ ಎಲ್ ಆಯ್ತು. ಪಾರ್ಟಿಕಲ್ ಬೋರ್ಡ್ ಪದೇ ಪದೇ ಬಿಚ್ಚಿ ಜೋಡಿಸುದಕ್ಕೆ ಆಗುವಂಥದ್ದಲ್ಲ. ಸ್ಕ್ರೂ ತೂತು ಸಡಿಲ ಆಗಿದ್ರೆ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿಸಿ, ಒಂದು ರಾತ್ರಿ ಒಣಗಿದ್ಮೇಲೆ ಸ್ಕ್ರೂ ಹಾಕಿ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರಿಗೂ ಒಂದೇ ಎಲ್ ಸಾಕಾ?
– ಓದುಗರು, ಉರ್ವ

ಉತ್ತರ: ಮೂಲೆಯಲ್ಲಿ ಇಬ್ಬರ ಮೊಣಕಾಲೂ ಕುರ್ಚಿಯೂ ಡಿಕ್ಕಿ ಹೊಡೀತದೆ. ಒಂದೊಂದು ಬದಿ ಆರಡಿ ಇದ್ರೆ ಮಾತ್ರ ಯೋಚನೆ ಮಾಡಿ, ಅದೂ ಇಬ್ಬರಿಗೂ ಒಂದೇ ಹೊತ್ತಿಗೆ ಮೀಟಿಂಗ್ ಇಲ್ಲದಿದ್ರೆ.

ಪ್ರಶ್ನೆ: ಡೆಸ್ಕಲ್ಲಿ ಇರುದೆಲ್ಲ ಇನ್ವರ್ಟರಿಗೆ ಕೊಡ್ಬಹುದಾ? ಲೇಸರ್ ಪ್ರಿಂಟರೂ ಉಂಟು.
– ಓದುಗರು, ಬ್ರಹ್ಮಾವರ

ಉತ್ತರ: ಲ್ಯಾಪ್‌ಟಾಪ್, ಮಾನಿಟರ್, ರೂಟರ್ ಕೊಡಿ, ಮೂರೂ ಸೇರಿದ್ರೂ ಲೋಡು ಹೆಚ್ಚಿಲ್ಲ. ಲೇಸರ್ ಪ್ರಿಂಟರ್ ಬೇಡ, ಅದು ಬಿಸಿ ಆಗುವಾಗ ಒಮ್ಮೆಲೇ ಕರೆಂಟ್ ಎಳೀತದೆ, ಸಣ್ಣ ಇನ್ವರ್ಟರ್ ಟ್ರಿಪ್ ಆಗ್ತದೆ. ಅದಕ್ಕೆ ಗೋಡೆಯಲ್ಲಿ ಬೇರೆ ಪಾಯಿಂಟ್ ಹಾಕ್ಸಿ. ಏಪ್ರಿಲ್ ಮೇಯಲ್ಲೂ ಅಕ್ಟೋಬರಲ್ಲೂ ಗುಡುಗು ಶುರುವಾದ ಕೂಡ್ಲೇ ಪ್ಲಗ್ ತೆಗೀರಿ, ರೂಟರಿಗೆ ಹೊರಗಿಂದ ಬರುವ ತಂತಿಯ ಕೇಬಲ್ ಇದ್ರೆ ಅದನ್ನೂ ತೆಗೀಬೇಕು, ಸಿಡಿಲು ಆ ದಾರಿಯಲ್ಲೂ ಬರ್ತದೆ. ಪ್ಲಗ್ ಪಾಯಿಂಟ್ ಡೆಸ್ಕಿನ ಹಿಂದೆ ಅಡಗಿದ್ರೆ ಆ ಹೊತ್ತಲ್ಲಿ ಕೈ ಹೋಗುದಿಲ್ಲ, ಹಾಗಾಗಿ ಬೋರ್ಡನ್ನು ಟೇಬಲ್ಲಿನ ಮೇಲೆ ಕೈಗೆ ಸಿಗುವ ಎತ್ತರಕ್ಕೆ ಮಾಡಿಸಿ, ಡೆಸ್ಕ್ ಒಳಗೆ ಬರುವ ಮೊದಲೇ.