ಡೆಬಿಯನ್ 12ರಲ್ಲಿ ಪೈಥಾನ್ 2 ಇಟ್ಟಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?

ಆಫೀಸಿನ ಸರ್ವರನ್ನು ಡೆಬಿಯನ್ 12ಕ್ಕೆ (ಸ್ವಯಂಸೇವಕರು ಕಟ್ಟುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಏರಿಸಿದ ಮೇಲೆ ವರ್ಷಗಟ್ಟಲೆ ಓಡುತ್ತಿದ್ದ ಪೈಥಾನ್ ಸ್ಕ್ರಿಪ್ಟ್‌ಗಳು ನಿಂತುಹೋಗಿವೆ, ಪೈಥಾನ್ 2 (ಆ ಭಾಷೆಯ ಹಳೆ ಆವೃತ್ತಿ, ಈಗಿನದು ಪೈಥಾನ್ 3) ಹಾಕಿಕೊಳ್ಳೋಣ ಅಂದರೆ ಡೆಬಿಯನ್‌ನಲ್ಲಿ ಅದರ ಪ್ಯಾಕೇಜೇ (ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್ ಕಟ್ಟು) ಇಲ್ಲ ಎಂದು ಬರೆದಿದ್ದೀರಿ. ಬೇಕಾದವರು ಬಳಸಲಿ ಅಂತ ಅದೊಂದನ್ನು ಸುಮ್ನೆ ಬಿಟ್ಟಿದ್ದರೆ ಏನಾಗುತ್ತಿತ್ತು ಎನ್ನುವುದು ನಿಮ್ಮ ಪ್ರಶ್ನೆ.

ನಾನೂ ಡೆಬಿಯನ್ ಸರ್ವರ್‌ಗಳನ್ನೇ ನೋಡಿಕೊಳ್ಳುವವನು. ಚೆನ್ನಾಗಿ ಓಡುತ್ತಿರುವ ಸ್ಕ್ರಿಪ್ಟಿಗೆ ಕೈ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ಡೆಬಿಯನ್‌ನವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಎಷ್ಟು ತಾಳ್ಮೆಯಿಂದ ಮಾಡಿದರು ಎನ್ನುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಡೆಬಿಯನ್‌ನ ಸ್ಟೇಬಲ್ (ಎಲ್ಲರ ಬಳಕೆಗೆ ಸಿದ್ಧವಾದ) ಬಿಡುಗಡೆಯಲ್ಲಿ ಒಂದು ಪ್ಯಾಕೇಜ್ ಇದೆ ಅಂದರೆ, ಅದರಲ್ಲಿ ಭದ್ರತೆಯ ತೂತು ಕಂಡರೆ ನಾವು ಮುಚ್ಚುತ್ತೇವೆ ಎಂದು ಮಾತು ಕೊಟ್ಟ ಹಾಗೆ. ಮಾಮೂಲಿ ಬೆಂಬಲ ಮೂರು ವರ್ಷ, ಅದರ ಮೇಲೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಎರಡು ವರ್ಷ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ. ಲೆಕ್ಕ ಹಾಕಿ, 2028ರ ವರೆಗೆ ಹೋಗುತ್ತದೆ. ಪೈಥಾನ್ 2.7ಕ್ಕೆ ಮೂಲ ತಂಡದ ಬೆಂಬಲ 2015ಕ್ಕೇ ಮುಗಿಯಬೇಕಿತ್ತು. ಜನ ಇನ್ನೂ ಬದಲಾಗಿಲ್ಲ ಅಂತ 2020ರ ವರೆಗೆ ಎಳೆದರು. ಕೊನೆಯ ಬಿಡುಗಡೆ 2.7.18, ಅದೇ ವರ್ಷ ಏಪ್ರಿಲ್‌ನಲ್ಲಿ. ಬರೆದವರೇ ಕೈಬಿಟ್ಟ ಕೋಡನ್ನು ಬೇರೆಯವರು, ಅದರಲ್ಲೂ ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು, ಮತ್ತೆ ಎಂಟು ವರ್ಷ ನೋಡಿಕೊಳ್ಳಬೇಕು ಅನ್ನುವುದು ನ್ಯಾಯವಲ್ಲ. 2021ರಲ್ಲಿ ಪೈಥಾನ್‌ನ ಸಿಟೈಪ್ಸ್ ಮಾಡ್ಯೂಲ್‌ನಲ್ಲಿ ಬಫರ್ ಓವರ್‌ಫ್ಲೋ ಎಂಬ ಭದ್ರತೆಯ ತೂತು ಸಿಕ್ಕಿತು. ಪೈಥಾನ್ 3ಕ್ಕೆ ರಿಪೇರಿ ಬಂತು. 2.7.19 ಅಂತ ಒಂದು ಬರಲೇ ಇಲ್ಲ. 2.7 ಇಟ್ಟುಕೊಂಡವರು ಆ ಪ್ಯಾಚನ್ನು ತಾವೇ ಹಿಂದಕ್ಕೆ ತಂದು ಕೂರಿಸಬೇಕಾಯಿತು.

ಇನ್ನು, ಅದು "ಅದೊಂದು ಪ್ಯಾಕೇಜ್" ಅಲ್ಲ. ಬರೀ ಇಂಟರ್‌ಪ್ರಿಟರ್ (ಪೈಥಾನ್ ಕೋಡ್ ಓಡಿಸುವ ಪ್ರೋಗ್ರಾಮ್) ಇದ್ದರೆ ನಿಮಗೂ ಸಾಲುವುದಿಲ್ಲ, ಅಲ್ವಾ? ಲೆಕ್ಕಕ್ಕೆ ನಮ್‌ಪೈ ಬೇಕು, ವೆಬ್‌ಸೈಟಿಗೆ ಜಾಂಗೋ ಬೇಕು, ಡೇಟಾಬೇಸ್ ಡ್ರೈವರ್ ಬೇಕು. ಜಾಂಗೋ 2017ರ ಡಿಸೆಂಬರ್‌ನಲ್ಲಿ 2.0 ಬಂದಾಗಲೇ ಪೈಥಾನ್ 2 ಬಿಟ್ಟಿತು. ನಮ್‌ಪೈ 2019ರಲ್ಲಿ 1.17ಕ್ಕೆ ಬಿಟ್ಟಿತು. ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ಒಂದೇ ಸೋರ್ಸ್‌ನಿಂದ ಎರಡೂ ಪೈಥಾನ್‌ಗಳ ಪ್ಯಾಕೇಜ್ ಕಟ್ಟುತ್ತಿದ್ದರು. ಎಲ್ಲೋ ಮೂಲೆಯ ಒಂದು ಹಳೆ ಪ್ರೋಗ್ರಾಮ್ ಪೈಥಾನ್ 2ರ ಮಾಡ್ಯೂಲ್ ಬೇಕು ಅಂತ ಹಟ ಹಿಡಿದರೆ, ಆ ಸೋರ್ಸ್ ಹಳೆ ಆವೃತ್ತಿಯಲ್ಲೇ ನಿಲ್ಲುತ್ತದೆ. ಆಗ ಪೈಥಾನ್ 3 ಬಳಸುವವರಿಗೂ ಹೊಸದು ಸಿಗುವುದಿಲ್ಲ. ನಷ್ಟ ಯಾರಿಗೆ ಎಂದು ಕೇಳಿದಿರಲ್ಲ, ಇವರಿಗೆ.

ತೆಗೆದ ರೀತಿಯನ್ನೂ ಸ್ವಲ್ಪ ಹೇಳಬೇಕು. 2019ರ ಜುಲೈಯಲ್ಲಿ ಡೆಬಿಯನ್ 10 ಹೊರಬಂತು. ಅದಾದ ಮೇಲೆ ಪೈಥಾನ್ 2 ನೆಚ್ಚಿಕೊಂಡ ಪ್ಯಾಕೇಜ್‌ಗಳ ಮೇಲೆಲ್ಲ ಬಗ್ (ದೋಷದ ದೂರು) ಹಾಕಿದರು, ಸಾವಿರಾರು. ಬುಡಕ್ಕೆ ಕೊಡಲಿ ಹಾಕಲಿಲ್ಲ. ಬೇರೆ ಯಾವ ಪ್ಯಾಕೇಜೂ ನೆಚ್ಚಿಕೊಂಡಿರದ ಎಲೆ ಪ್ಯಾಕೇಜ್‌ಗಳನ್ನು ಮೊದಲು ಹಿಡಿದರು. ಅವು ಬದಲಾದರೆ ಸರಿ. ಇಲ್ಲದಿದ್ದರೆ ಬಗ್‌ನ ತೀವ್ರತೆ ಏರಿಸುತ್ತಿದ್ದರು. ಬಿಡುಗಡೆ ತಡೆಯುವಷ್ಟು ಗಂಭೀರವಾದ ಬಗ್ ಹಾಗೇ ಉಳಿದರೆ ಆ ಪ್ಯಾಕೇಜ್ ತಾನಾಗಿಯೇ ಟೆಸ್ಟಿಂಗ್‌ನಿಂದ (ಮುಂದಿನ ಸ್ಟೇಬಲ್ ತಯಾರಾಗುವ ಸಂಗ್ರಹ) ಹೊರಬೀಳುತ್ತದೆ. ಎಲೆ ಉದುರಿದಾಗ ಅದರ ಕೆಳಗಿನ ಮಾಡ್ಯೂಲ್ ಎಲೆಯಾಗುತ್ತದೆ. ಆಮೇಲೆ ಅದರ ಸರದಿ. ನಡುವೆ ಎಷ್ಟೋ ಮೇಂಟೇನರ್‌ಗಳು (ಪ್ಯಾಕೇಜ್ ನೋಡಿಕೊಳ್ಳುವವರು) ಮೂಲ ಲೇಖಕರಿಗೆ ಪ್ಯಾಚ್ ಬರೆದು ಕಳಿಸಿದರು.

ಕ್ಯಾಲಿಬರ್ ಗೊತ್ತಲ್ಲ, ಇ-ಪುಸ್ತಕದ ಸಾಫ್ಟ್‌ವೇರ್. ಅದರ ಲೇಖಕರು ಬೇಕಾದರೆ ಪೈಥಾನ್ 2 ಅನ್ನು ನಾನೇ ನೋಡಿಕೊಳ್ಳುತ್ತೇನೆ ಅಂದಿದ್ದರು. ಕೊನೆಗೆ 2020ರಲ್ಲಿ 5.0 ಪೈಥಾನ್ 3ರ ಮೇಲೆಯೇ ಬಂತು. ಎಲ್ಲರ ಕಥೆ ಹೀಗೆ ಸುಖವಾಗಿ ಮುಗಿಯಲಿಲ್ಲ. ಮೇಲಿಂಗ್ ಲಿಸ್ಟ್ ನಡೆಸುವ ಮೇಲ್‌ಮ್ಯಾನ್ 2 ಬದಲಾಗಲೇ ಇಲ್ಲ, ಡೆಬಿಯನ್ 11ರಲ್ಲಿ ಮೇಲ್‌ಮ್ಯಾನ್ 3 ಮಾತ್ರ. ಚಿತ್ರ ತಿದ್ದುವ ಗಿಂಪ್‌ನ ಪೈಥಾನ್ ಪ್ಲಗಿನ್‌ಗಳೂ ಹೋದವು. 2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬರುವ ವರೆಗೆ ಅವನ್ನು ನಂಬಿದ್ದವರು ಪಾಡು ಪಟ್ಟರು. ಆ ನಷ್ಟ ನಿಜವಾದದ್ದೇ.

ಡೆಬಿಯನ್ 11ರಲ್ಲಿ 2.7 ಇತ್ತು, ಆದರೆ ಕೆಲವು ಪ್ಯಾಕೇಜ್‌ಗಳನ್ನು ಕಟ್ಟುವುದಕ್ಕೆ ಮಾತ್ರ. ಪ್ರೋಗ್ರಾಮ್ ಓಡಿಸಲು ಬೆಂಬಲವಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದರು. ಅದನ್ನು ಓದುವ ಪುರುಸೊತ್ತು ನಮ್ಮ ಆಫೀಸುಗಳಲ್ಲಿ ಯಾರಿಗೂ ಇರುವುದಿಲ್ಲ, ಅದು ಬೇರೆ ಮಾತು.

ಕನ್ನಡ ಪಠ್ಯ ಹಿಡಿದು ಕೆಲಸ ಮಾಡುವ ನನಗೆ ಪೈಥಾನ್ 3 ಬೇಕೇಬೇಕು ಅನಿಸುವುದು ಇನ್ನೊಂದು ಕಾರಣಕ್ಕೆ. ಯುಟಿಎಫ್-8 ಟರ್ಮಿನಲ್‌ನಲ್ಲಿ "ಕನ್ನಡ" ಎಂಬ ಸ್ಟ್ರಿಂಗ್‌ನ ಉದ್ದ ಕೇಳಿ ನೋಡಿ. ಪೈಥಾನ್ 2 ಕೊಡುವ ಉತ್ತರ 15. ಅದು ಬೈಟ್ ಎಣಿಸುತ್ತದೆ, ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟ್. ಪೈಥಾನ್ 3 ಹೇಳುವುದು 5: ಕ, ನ, ಒತ್ತಿಗೆ ಬರುವ ಹಲಂತ ಚಿಹ್ನೆ, ಮತ್ತೊಂದು ನ, ಡ. ಹಳೆಯದರಲ್ಲಿ ಮೊದಲ ನಾಲ್ಕನ್ನು ಕತ್ತರಿಸಿದರೆ ಸಿಗುವುದು ಒಂದು ಕ, ಜೊತೆಗೆ ನ ಅಕ್ಷರದ ಮೂರನೇ ಒಂದು ಚೂರು. ಅಂಥ ಚೂರುಗಳು ಡೇಟಾಬೇಸ್ ಸೇರಿಬಿಟ್ಟರೆ ಆಮೇಲೆ ಹುಡುಕಿ ತೆಗೆಯುವುದು ಎಂಥ ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಯೂನಿಕೋಡ್ ಎಂದು ಬೇರೆ ಬರೆದುಕೊಂಡರೆ ಸರಿಹೋಗುತ್ತಿತ್ತು, ನಿಜ. ಆದರೆ ಎಲ್ಲೋ ಒಂದು ಕಡೆ ಮರೆತರೂ ಆಸ್ಕಿ ಎರರ್ ಬಂದು ಸ್ಕ್ರಿಪ್ಟ್ ಬೀಳುತ್ತಿತ್ತು.

ಈಗ ನಿಮ್ಮ ಸ್ಕ್ರಿಪ್ಟ್‌ಗಳ ವಿಷಯ. ಇವತ್ತೇ ಓಡಬೇಕು ಅಂತಿದ್ದರೆ ಡೆಬಿಯನ್ 11ರ ಒಂದು ಕಂಟೇನರ್ (ಸರ್ವರಿನೊಳಗೇ ಬೇರೆಯಾಗಿ ಓಡುವ ಪುಟ್ಟ ಸಿಸ್ಟಂ) ಮಾಡಿ ಅದರೊಳಗೆ 2.7 ಹಾಕಿ ಓಡಿಸಿ. ಅದಕ್ಕೆ ಹೊರಗಿನ ನೆಟ್‌ವರ್ಕ್ ಕೊಡಬೇಡಿ. "ಪೈಥಾನ್-ಈಸ್-ಪೈಥಾನ್3" ಪ್ಯಾಕೇಜ್ ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಸಾಲಿನಲ್ಲಿರುವ ಇಂಟರ್‌ಪ್ರಿಟರ್ ಆಗ ಸಿಗುತ್ತದೆ, ಕೋಡ್ ಮಾತ್ರ ಹಳೆಯದೇ ಅಲ್ವಾ?

ಹಳೆ ರೀತಿಯ ಪ್ರಿಂಟ್ ಆದೇಶ ಉಳಿದಿದ್ದರೆ ತಕ್ಷಣ ಎರರ್ ಬರುತ್ತದೆ, ಅದಕ್ಕೆ ಹೆದರಬೇಡಿ. ಡೆಬಿಯನ್ 12ರಲ್ಲಿ ಸಿಗುವ "2ಟು3" ಎಂಬ ಪರಿವರ್ತಕ ಅದನ್ನೆಲ್ಲ ತಿದ್ದಿಕೊಡುತ್ತದೆ. ಹೆದರಬೇಕಾದದ್ದು ಭಾಗಾಕಾರಕ್ಕೆ. 7 ಭಾಗಿಸು 2 ಅಂದರೆ ಹಳೆಯದರಲ್ಲಿ 3, ಹೊಸದರಲ್ಲಿ 3.5. ಎರರ್ ಇಲ್ಲ, ಸದ್ದಿಲ್ಲ, ಲೆಕ್ಕ ಬದಲಾಗಿರುತ್ತದೆ. ನಿಮ್ಮ ಸ್ಕ್ರಿಪ್ಟ್ ಬಿಲ್ಲಿನ ಲೆಕ್ಕದ್ದು ಅಂದಿದ್ದೀರಿ, ಹಾಗಾಗಿ ಇದನ್ನೇ ಜಾಸ್ತಿ ಒತ್ತಿ ಹೇಳುತ್ತಿದ್ದೇನೆ. "2ಟು3" ಇದನ್ನು ಮುಟ್ಟುವುದಿಲ್ಲ. ಕಂಟೇನರಿನಲ್ಲಿ ಇನ್ನೂ 2.7 ಇರುವಾಗಲೇ "ಕ್ಯೂವಾರ್ನ್" (-Qwarn) ಆಯ್ಕೆ ಕೊಟ್ಟು ಓಡಿಸಿ, ಪೂರ್ಣಾಂಕ ಭಾಗಾಕಾರ ನಡೆದ ಸಾಲುಗಳನ್ನು ಅದು ತೋರಿಸುತ್ತದೆ. ಪೂರ್ಣಾಂಕವೇ ಬೇಕಾದ ಕಡೆ ಎರಡು ಓರೆಗೆರೆ (//) ಹಾಕಿ. ನಂತರ ಕಳೆದ ತಿಂಗಳ ಡೇಟಾವನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು, ಬಂದ ಎರಡು ಫೈಲ್‌ಗಳನ್ನು ಡಿಫ್ ಮಾಡಿ (ಸಾಲು ಸಾಲಾಗಿ ಹೋಲಿಸಿ). ಒಂದು ಸಾಲೂ ಬೇರೆ ಬರಲಿಲ್ಲ ಅಂದ ಮೇಲೆ ಕಂಟೇನರ್ ತೆಗೆಯಿರಿ.

ಪೈಜಿಟಿಕೆ ಬಳಸಿ ವಿಂಡೋ ತೆರೆಯುವ ಸ್ಕ್ರಿಪ್ಟ್ ಏನಾದರೂ ಇದ್ದರೆ ಇಷ್ಟರಲ್ಲಿ ಮುಗಿಯುವುದಿಲ್ಲ. ಪೈಜಿಟಿಕೆಗೆ ಪೈಥಾನ್ 3 ಆವೃತ್ತಿಯೇ ಇಲ್ಲ. ಪೈಜಿಆಬ್ಜೆಕ್ಟ್ ಮತ್ತು ಜಿಟಿಕೆ 3 ಹಿಡಿದು ಆ ಪರದೆಗಳನ್ನು ಹೊಸದಾಗಿ ಬರೆಯಬೇಕು. ಅದಕ್ಕೆ ಬೇರೆಯೇ ಸಮಯ ಇಟ್ಟುಕೊಳ್ಳಿ.