ಕತ್ತು ನೋವಿಗೆ ಮಸಾಜ್ ಸರಿ, ಶುಗರ್‌ಗೆ ಅಕ್ಯುಪ್ರೆಶರ್ ಆಗುತ್ತಾ?

ನೀವು ಕೇಳಿದ್ದು ಎರಡು ವಿಷಯ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ನಿಮಗೆ ಕತ್ತು, ಭುಜ ನೋವು. ಮಸಾಜ್ ಮಾಡಿಸಿದರೆ ಹೋಗುತ್ತಾ? ಸಕ್ಕರೆ ಕಾಯಿಲೆ ಇರುವ ನಿಮ್ಮಮ್ಮನಿಗೆ ಮನೆ ಹತ್ತಿರದ ಅಕ್ಯುಪ್ರೆಶರ್ ಸೆಂಟರ್‌ನವರು ಪ್ಯಾಕೇಜ್ ತಗೊಳ್ಳಿ, ಶುಗರ್ ಇಳಿಯುತ್ತೆ ಅಂದಿದ್ದಾರೆ, ನಂಬಬಹುದಾ? ನಾನು ಬೆಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಸ್ವಲ್ಪ ದಿನಕ್ಕೆ. ಎರಡನೆಯದಕ್ಕೆ ಇಲ್ಲ.

ಕತ್ತಿನದು ಮೊದಲು. ತಲೆ ಮುಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಕೂತರೆ ಕತ್ತಿನ ಹಿಂದಿನ ಮಾಂಸಖಂಡಗಳಿಗೆ ಬಿಡುವೇ ಸಿಗುವುದಿಲ್ಲ. ಹದವಾಗಿ ಒತ್ತಿ, ತಿಕ್ಕಿದಾಗ ಬಿಗಿ ಕಡಿಮೆಯಾಗುತ್ತದೆ, ಮನಸ್ಸು ಹಗುರವಾಗುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಇದು ನಿಜವಾದ ಲಾಭ. ಮೈಯಲ್ಲಿನ ವಿಷವೆಲ್ಲ ಹೊರಗೆ ಹೋಗುತ್ತದೆ ಅಂತ ಸ್ಪಾದವರು ಹೇಳುವುದು ಮಾತ್ರ ಸುಮ್ನೆ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಅಮೆರಿಕದ ವೈದ್ಯರ ಸಂಘ ಎಸಿಪಿ 2017ರಲ್ಲಿ ಸೊಂಟನೋವಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಹೊಸದಾಗಿ ಬಂದ ನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್ ಮುಂತಾದವನ್ನು ನೋಡಿ ಅಂತ. ಮೂರು ತಿಂಗಳು ದಾಟಿದ ನೋವಿಗೆ ಅದೇ ಸಂಘ ಮೊದಲು ಹೇಳುವುದು ವ್ಯಾಯಾಮ. ನಾನೂ ಅದನ್ನೇ ಹೇಳುತ್ತೇನೆ. ಮಸಾಜ್ ಆದ ಮೇಲೆ ನೋವು ಕಮ್ಮಿ ಇರುವ ಆ ಒಂದೆರಡು ದಿನ ಇದೆಯಲ್ಲ, ಆಗಲೇ ಭುಜದ ವ್ಯಾಯಾಮ ಶುರು ಮಾಡಿ, ಸ್ಕ್ರೀನನ್ನು ಕಣ್ಣಿನ ಮಟ್ಟಕ್ಕೆ ಏರಿಸಿ. ಇಲ್ಲದಿದ್ದರೆ ಪ್ರತಿ ವಾರಾಂತ್ಯವೂ ದುಡ್ಡು ಖರ್ಚು, ಅಷ್ಟೇ.

ಅಕ್ಯುಪ್ರೆಶರ್ ಪೂರ್ತಿ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಅಂಗೈ ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಗಲ ಬಿಟ್ಟರೆ ಎರಡು ನಾರುಗಳ ನಡುವೆ ಒಂದು ಜಾಗ ಸಿಗುತ್ತದೆ. ಅದಕ್ಕೆ ಪಿ6 ಎನ್ನುತ್ತಾರೆ. ಆಪರೇಷನ್ ಆದ ಮೇಲೆ ಬರುವ ವಾಕರಿಕೆ, ವಾಂತಿಗೆ ಈ ಜಾಗವನ್ನು ಪ್ರಚೋದಿಸಿದರೆ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳಿದೆ. ಘಾಟಿ ರಸ್ತೆಯಲ್ಲಿ ವಾಂತಿ ಮಾಡುವವರಿಗೂ ನಾನು ಇದನ್ನು ತೋರಿಸಿಕೊಡುತ್ತೇನೆ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಖರ್ಚಂತೂ ಇಲ್ಲ.

ಆದರೆ ಸೆಂಟರ್ ಗೋಡೆಯ ಮೇಲೆ ಅಂಗಾಲಿನ ಚಾರ್ಟ್ ಇರುತ್ತದಲ್ವಾ, ಇಲ್ಲಿ ಕಿಡ್ನಿ, ಇಲ್ಲಿ ಮೇದೋಜೀರಕ (ಇನ್ಸುಲಿನ್ ತಯಾರಿಸುವ ಅಂಗ) ಅಂತ? ಸಾವಿರಾರು ವರ್ಷದ ಚೀನೀ ವಿದ್ಯೆ ಎಂದು ಹೇಳಿ ಮಾರುತ್ತಾರೆ. ಈಗ ಎಲ್ಲೆಡೆ ಕಾಣುವ ಈ ನಕ್ಷೆ ರೂಪ ತಳೆದದ್ದು 1930ರ ದಶಕದ ಅಮೆರಿಕದಲ್ಲಿ, ಯೂನಿಸ್ ಇಂಗಮ್ ಎಂಬುವರ ಕೈಯಲ್ಲಿ. ಅಂಗಾಲು ಒತ್ತಿಸಿಕೊಂಡರೆ ಹಾಯಾಗಿರುತ್ತದೆ, ನಿಜ. ಅದರಿಂದ ಇನ್ಸುಲಿನ್ ಹುಟ್ಟುವುದಿಲ್ಲ.

ನಿಮ್ಮಮ್ಮನ ವಿಷಯದಲ್ಲಿ ನನಗೆ ಶುಗರ್‌ಗಿಂತ ಪಾದದ ಚಿಂತೆ ಜಾಸ್ತಿ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಎಷ್ಟೋ ಜನಕ್ಕೆ ಪಾದದ ಸ್ಪರ್ಶ ಕುಂದಿರುತ್ತದೆ. ಮುಳ್ಳು ಮುಳ್ಳಿನ ಅಕ್ಯುಪ್ರೆಶರ್ ಚಪ್ಪಲಿ, ಮರದ ಕಡ್ಡಿ, ಬಿಸಿ ಎಣ್ಣೆ, ಇವು ಗಾಯ ಮಾಡಿದರೂ ಗೊತ್ತಾಗುವುದಿಲ್ಲ. ಗಾಯ ಬೇಗ ಮಾಯುವುದೂ ಇಲ್ಲ. ಮನೆಯಲ್ಲೇ ನೋಡಿ: ಅವರು ಕಣ್ಣು ಮುಚ್ಚಿಕೊಳ್ಳಲಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಡಾಕ್ಟರಿಗೆ ಪಾದ ತೋರಿಸಬೇಕು.

ಪಾರ್ಕುಗಳಲ್ಲಿ ಉರುಟು ಕಲ್ಲು ಹಾಸಿದ ದಾರಿ ಇರುತ್ತದಲ್ಲ, ಅದರ ಮೇಲೆ ಬರಿಗಾಲಲ್ಲಿ ನಡೆಯುವುದೂ ಅವರಿಗೆ ಬೇಡ. ಸ್ಪರ್ಶ ಸರಿಯಿರುವ ಹಿರಿಯರಿಗೆ ಅದು ಒಳ್ಳೆಯದೇ. ಅಮೆರಿಕದ ಆರಿಗನ್‌ನಲ್ಲಿ 60 ದಾಟಿದ 108 ಜನರನ್ನು 16 ವಾರ ನೋಡಿದ್ದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕಲ್ಲಿನಂಥ ಚಾಪೆ ಮೇಲೆ ನಡೆದವರ ಬಿಪಿ, ಸಮತೋಲ ಎರಡೂ ಮಾಮೂಲಿ ನಡೆದವರಿಗಿಂತ ಸುಧಾರಿಸಿದ್ದವು.

ಇನ್ನೂ ಎರಡು ಮಾತು, ಕೇಳದಿದ್ದರೂ ಹೇಳುತ್ತೇನೆ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಸರಿದು ಶ್ವಾಸಕೋಶಕ್ಕೆ ಹೋಗಬಹುದು. ಬಾಣಂತಿಯರಲ್ಲಿ ಈ ಅಪಾಯ ಹೆಚ್ಚು, ಎಣ್ಣೆ ನೀರು ಹಾಕುವ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಬಿಡಿ. ಇನ್ನು ಕಟಿಂಗ್ ಶಾಪ್‌ನಲ್ಲಿ ತಲೆ ಮಸಾಜ್ ಆದ ಮೇಲೆ ಕತ್ತನ್ನು ಫಟ್ ಅಂತ ತಿರುಗಿಸಿ ನೆಟಿಗೆ ತೆಗೆಯುತ್ತಾರಲ್ಲ, ಅದು ಬೇಡವೇ ಬೇಡ. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು.

ಎಲ್ಲಿಗೆ ಹೋಗುವುದು ಅಂದರೆ, ಫಿಸಿಯೋದಲ್ಲಿ ಬಿಪಿಟಿ ಅಥವಾ ಪ್ರಕೃತಿ ಚಿಕಿತ್ಸೆಯಲ್ಲಿ ಬಿಎನ್‌ವೈಎಸ್ ಓದಿದವರನ್ನು ಹುಡುಕಿ. ಅಭ್ಯಂಗವೇ ಬೇಕಿದ್ದರೆ ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆಯೇ ಇದೆ. ಮೈ ಮುಟ್ಟುವ ಮೊದಲು ಬಿಪಿ, ಶುಗರ್, ತಗೊಳ್ಳುವ ಮಾತ್ರೆ ಎಲ್ಲ ವಿಚಾರಿಸುವವರು ಸಿಕ್ಕರೆ ಒಳ್ಳೆಯದು. ನಿಮ್ಮಮ್ಮನಿಗೆ ಶುಗರ್ ಮಾತ್ರೆ ನಿಲ್ಲಿಸಿ ಎಂದು ಯಾವ ಸೆಂಟರ್ ಹೇಳುತ್ತದೋ, ಅಲ್ಲಿಂದ ಅವತ್ತೇ ಎದ್ದು ಬನ್ನಿ, ಪ್ಯಾಕೇಜ್ ದುಡ್ಡು ಕೊಟ್ಟಾಗಿದ್ದರೂ ಸರಿ.